ಪ್ರಿಂಟರ್ ಅಚ್ಚು ಮಾಡಲಿ, ಎರಕ ಬಿಡಿಭಾಗ ಕೊಡಲಿ

ಅಮೆರಿಕದ ಜನರಲ್ ಮೋಟಾರ್ಸ್ 2023ರಲ್ಲಿ ಮಿಶಿಗನ್ ರಾಜ್ಯದ ಲಿವೋನಿಯಾದಲ್ಲಿದ್ದ ಟೂಲಿಂಗ್ ಅಂಡ್ ಎಕ್ವಿಪ್‌ಮೆಂಟ್ ಇಂಟರ್‌ನ್ಯಾಷನಲ್ ಎಂಬ ಕಂಪನಿಯನ್ನು ಹೆಚ್ಚು ಸದ್ದು ಮಾಡದೆ ಕೊಂಡುಕೊಂಡಿತು. ಈ ಕಂಪನಿ ಬ್ಯಾಟರಿ ಮಾಡುತ್ತಿರಲಿಲ್ಲ, ಮೋಟಾರ್ ಮಾಡುತ್ತಿರಲಿಲ್ಲ, ಸಾಫ್ಟ್‌ವೇರ್ ಬರೆಯುತ್ತಿರಲಿಲ್ಲ. ಅದರ ಕಸುಬು ಮರಳಿನ ಅಚ್ಚು. ಮರಳನ್ನು ತ್ರೀಡಿ ಪ್ರಿಂಟರ್‌ನಲ್ಲಿ ಪದರ ಪದರವಾಗಿ ಕಟ್ಟಿ, ಅದರೊಳಗೆ ಅಲ್ಯೂಮಿನಿಯಂ ಹೊಯ್ದು, ಕಾರಿನ ದೊಡ್ಡ ಭಾಗಗಳನ್ನು ಎರಕದಲ್ಲಿ ತೆಗೆಯುವುದರಲ್ಲಿ ಅದಕ್ಕೆ ಪಳಗಿದ ಕೈ. ಟೆಸ್ಲಾ ತನ್ನ ದೈತ್ಯ ಎರಕಗಳನ್ನು ರೂಪಿಸುವಾಗ ನೆರವು ಪಡೆದ ಕೆಲವೇ ಪರಿಣತರಲ್ಲಿ ಈ ಕಂಪನಿಯೂ ಇತ್ತು ಎಂದು ರಾಯಿಟರ್ಸ್ ಆ ವರ್ಷದ ಕೊನೆಗೆ ವರದಿ ಮಾಡಿತು. ಪೈಪೋಟಿಯ ಕಂಪನಿಗೆ ಅಚ್ಚು ಮಾಡಿಕೊಡುತ್ತಿದ್ದವರನ್ನೇ ಜನರಲ್ ಮೋಟಾರ್ಸ್ ತನ್ನ ಮನೆಯೊಳಗೆ ಕರೆದುಕೊಂಡಿತ್ತು.

ವಿದ್ಯುತ್ ವಾಹನಗಳ ಮಾತು ಬಂದಾಗಲೆಲ್ಲ ತ್ರೀಡಿ ಪ್ರಿಂಟಿಂಗ್ ಎರಕದ ಕೆಲಸವನ್ನು ಕಸಿದುಕೊಳ್ಳುತ್ತದೆಯೇ ಎಂದು ಕೇಳುವವರಿದ್ದಾರೆ. ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಂದ ಹಿಡಿದು ಫೌಂಡ್ರಿ ಮಾಲೀಕರವರೆಗೆ ಈ ಪ್ರಶ್ನೆ ಇದೆ. ನನಗೆ ಅನ್ನಿಸುವುದು, ಇವೆರಡನ್ನು ಎದುರಾಳಿಗಳಂತೆ ನಿಲ್ಲಿಸಿದಾಗಲೇ ದಾರಿ ತಪ್ಪುತ್ತದೆ. ಬಿಡಿಭಾಗವನ್ನು ಎರಕವೇ ಕೊಡಬೇಕು. ಇಂಥ ಜಟಿಲ ಭಾಗಗಳಿಗೆ ಅಷ್ಟು ಬೇಗ, ಅಷ್ಟು ಅಗ್ಗವಾಗಿ ಆಕಾರ ಕೊಡುವ ಬೇರೆ ವಿಧಾನ ಇನ್ನೂ ಬಂದಿಲ್ಲ. ಪ್ರಿಂಟರ್‌ನ ನಿಜವಾದ ಜಾಗ ಅದಕ್ಕಿಂತ ಒಂದು ಹೆಜ್ಜೆ ಹಿಂದೆ, ಅಚ್ಚಿನಲ್ಲಿ, ಎರಕದೊಳಗೆ ಟೊಳ್ಳು ಬಿಡಿಸಲು ಇಡುವ ಕೋರ್‌ನಲ್ಲಿ, ಡೈ ಎಂಬ ಉಕ್ಕಿನ ಅಚ್ಚಿನ ಒಳಗಿನ ತಂಪಿನ ದಾರಿಯಲ್ಲಿದೆ.

ಎರಕ ಇದ್ದಕ್ಕಿದ್ದಂತೆ ಇಷ್ಟು ಮುಖ್ಯವಾಗಿದ್ದು ಏಕೆ ಎಂಬುದನ್ನು ಮೊದಲು ನೋಡೋಣ. ವಿದ್ಯುತ್ ಕಾರು ನೂರಾರು ಕಿಲೋ ಬ್ಯಾಟರಿಯನ್ನು ಹೊಟ್ಟೆಯಲ್ಲಿ ಹೊತ್ತುಕೊಂಡೇ ಓಡಬೇಕು. ಆ ಭಾರವನ್ನು ಬೇರೆ ಕಡೆ ಇಳಿಸದಿದ್ದರೆ ಒಂದು ಚಾರ್ಜ್‌ಗೆ ಹೋಗುವ ದೂರ ಕುಗ್ಗುತ್ತದೆ. ಹಾಗಾಗಿ ಉಕ್ಕಿನ ತಗಡುಗಳನ್ನು ಒತ್ತಿ, ಬೆಸುಗೆ ಹಾಕಿ ಜೋಡಿಸುತ್ತಿದ್ದ ಕಾರಿನ ತಳಭಾಗವನ್ನು ಅಲ್ಯೂಮಿನಿಯಂನಲ್ಲಿ ಒಂದೇ ತುಂಡಾಗಿ ಎರೆಯುವ ಯೋಚನೆ ಬಂತು. ಟೆಸ್ಲಾ 2020ರಿಂದ ಮಾಡೆಲ್ ವೈ ಕಾರಿನ ಹಿಂಬದಿಯ ತಳವನ್ನು ಹೀಗೆ ಮಾಡತೊಡಗಿತು. ಸುಮಾರು 70 ಬಿಡಿ ತುಂಡುಗಳ ಜಾಗಕ್ಕೆ ಒಂದೆರಡು ಎರಕಗಳು ಬಂದವು. ಇದಕ್ಕೆ ಬಳಸಿದ್ದು ಇಟಲಿಯ ಇದ್ರಾ ಕಂಪನಿಯ ಗಿಗಾ ಪ್ರೆಸ್ ಎಂಬ ಯಂತ್ರ. ಡೈನ ಎರಡು ಹೋಳುಗಳನ್ನು ಸುಮಾರು 6,000 ಟನ್ ಬಲದಿಂದ ಒತ್ತಿ ಹಿಡಿದು, ಕರಗಿದ ಅಲ್ಯೂಮಿನಿಯಂ ಅನ್ನು ಒಳಗೆ ನುಗ್ಗಿಸುತ್ತದೆ. ಒಂದು ಸುತ್ತಿಗೆ 80ರಿಂದ 90 ಸೆಕೆಂಡ್. ಗಂಟೆಗೆ 40ಕ್ಕೂ ಹೆಚ್ಚು ಎರಕ. ಚೀನಾದ ಶಓಮಿ ತನ್ನ ಎಸ್‌ಯು7 ಕಾರಿಗೆ 9,100 ಟನ್ನಿನ ಯಂತ್ರ ಇಟ್ಟುಕೊಂಡು, ಹಿಂಬದಿ ತಳದ 72 ತುಂಡುಗಳನ್ನು ಒಂದಾಗಿಸಿದೆ. ಬೆಸುಗೆ ಹಾಕುವ ರೋಬೋಟ್‌ಗಳ ಸಾಲುಗಳೇ ಇದರಿಂದ ಕಡಿಮೆಯಾಗುತ್ತವೆ.

ತೊಡಕಿರುವುದು ಡೈನಲ್ಲಿ. ಇಷ್ಟು ದೊಡ್ಡ ಡೈಯನ್ನು ಹಾಟ್ ವರ್ಕ್ ಟೂಲ್ ಸ್ಟೀಲ್ ಎಂಬ ಗಟ್ಟಿ ಉಕ್ಕಿನ ದಿಮ್ಮಿಗಳಿಂದ ಕೊರೆದು ಮಾಡಬೇಕು. 2023ರ ಸೆಪ್ಟೆಂಬರ್‌ನಲ್ಲಿ ರಾಯಿಟರ್ಸ್ ಕೊಟ್ಟ ಲೆಕ್ಕದಂತೆ ಇಂಥ ಒಂದು ಡೈ ರೂಪಿಸುವ ಇಡೀ ಕೆಲಸಕ್ಕೆ ಸುಮಾರು 40 ಲಕ್ಷ ಡಾಲರ್ ಬೇಕು. ವಿನ್ಯಾಸಕಾರರು ಒಂದು ಪಕ್ಕೆಲುಬನ್ನು ತುಸು ದಪ್ಪ ಮಾಡಬೇಕು ಎಂದರೆ ಮತ್ತೆ ಕೊರೆಯುವ ಖರ್ಚು ಒಂದು ಸಲಕ್ಕೆ 1 ಲಕ್ಷ ಡಾಲರ್ ಆಗಬಹುದು. ಪೂರ್ತಿ ಹೊಸದಾಗಿ ಮಾಡಿಸಿದರೆ 15 ಲಕ್ಷ. ಕಾರಿನ ಚಾಸಿ ಮೊದಲ ಯತ್ನದಲ್ಲೇ ಸರಿಯಾಗುವ ವಸ್ತುವಲ್ಲ. ಅಪಘಾತದ ಪರೀಕ್ಷೆ, ಕಂಪನದ ಪರೀಕ್ಷೆ, ಸದ್ದಿನ ಪರೀಕ್ಷೆ ಎಲ್ಲವೂ ಒಂದೊಂದು ತಿದ್ದುಪಡಿ ಕೇಳುತ್ತವೆ. ಪ್ರತಿ ತಿದ್ದುಪಡಿಗೂ ಲಕ್ಷ ಡಾಲರ್ ತೆರಬೇಕು ಎಂದಾದರೆ ಎಂಜಿನಿಯರ್ ತಿದ್ದುವುದನ್ನೇ ನಿಲ್ಲಿಸಿಬಿಡುತ್ತಾನೆ. ಹೊಸ ವಿನ್ಯಾಸಗಳು ಸಾಯುವುದು ಇಂಥ ಕಡೆ.

ಮರಳಿನ ಪ್ರಿಂಟರ್ ಇಲ್ಲಿ ಕೈ ಹಿಡಿಯುತ್ತದೆ. ಅದು ಕೆಲಸ ಮಾಡುವ ರೀತಿ ಸರಳ. ಒಂದು ದೊಡ್ಡ ಪೆಟ್ಟಿಗೆಯಲ್ಲಿ ನುಣ್ಣನೆಯ ಮರಳನ್ನು ಸುಮಾರು 0.3 ಮಿಲಿಮೀಟರ್ ಪದರವಾಗಿ ಹರಡುತ್ತಾರೆ. ಕಾಗದದ ಮೇಲೆ ಶಾಯಿ ಬೀಳಿಸುವ ಪ್ರಿಂಟರ್‌ನಂಥದ್ದೇ ತಲೆಯೊಂದು ಅದರ ಮೇಲೆ ಓಡಾಡಿ, ಬೇಕಾದ ಕಡೆ ಮಾತ್ರ ಫ್ಯುರಾನ್ ರಾಳದ ಹನಿ ಬೀಳಿಸುತ್ತದೆ. ಹಿಟ್ಟಿನ ಮೇಲೆ ನೀರಿನ ಹನಿ ಬಿದ್ದಲ್ಲಿ ಗಂಟು ಕಟ್ಟುವ ಹಾಗೆ, ರಾಳ ಬಿದ್ದಲ್ಲಿ ಮರಳು ಗಟ್ಟಿಯಾಗುತ್ತದೆ. ಮತ್ತೊಂದು ಪದರ, ಮತ್ತೆ ಹನಿ. ಕೊನೆಗೆ ಸಡಿಲ ಮರಳನ್ನು ಬ್ರಷ್ಷು, ವ್ಯಾಕ್ಯೂಮಿನಿಂದ ತೆಗೆದರೆ ಒಳಗಿನಿಂದ ಅಚ್ಚು ಎದ್ದು ಬರುತ್ತದೆ. ಅಚ್ಚಿಗೆ ಆಕಾರ ಕೊಡುವ ಮರದ ಪ್ಯಾಟರ್ನ್ ಬೇಡ, ಕೋರ್ ಮಾಡುವ ಕೋರ್ ಬಾಕ್ಸ್ ಬೇಡ. ಜರ್ಮನಿಯ ವಾಕ್ಸಲ್‌ಜೆಟ್ ಕಂಪನಿಯ ಅತಿ ದೊಡ್ಡ ಯಂತ್ರದ ಪೆಟ್ಟಿಗೆ 4 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ. ಈ ವಿಧಾನ ಹುಟ್ಟಿದ್ದು ಅಮೆರಿಕದ ಎಂಐಟಿಯಲ್ಲಿ, ಇಮ್ಯಾನ್ಯುಯೆಲ್ ಸ್ಯಾಕ್ಸ್ ಮತ್ತು ಸಂಗಡಿಗರ ಕೈಯಲ್ಲಿ; ಪೇಟೆಂಟ್ ಸಿಕ್ಕಿದ್ದು 1993ರಲ್ಲಿ. ಅವರ ಕಣ್ಣು ಮೊದಲಿನಿಂದಲೂ ಎರಕದ ಅಚ್ಚುಗಳ ಮೇಲಿತ್ತು. ಪ್ರಿಂಟಿಂಗ್ ಎರಕವನ್ನು ಓಡಿಸಲು ಬಂತು ಎನ್ನುವವರು ಈ ಚರಿತ್ರೆಯನ್ನು ಗಮನಿಸಬೇಕು.

ಅಚ್ಚನ್ನು ಪ್ರಿಂಟ್ ಮಾಡಿದಾಗ ಸಿಗುವ ದೊಡ್ಡ ಬಿಡುಗಡೆ ಎಂದರೆ ಡ್ರಾಫ್ಟ್‌ನಿಂದ ಬಿಡುಗಡೆ. ಫೌಂಡ್ರಿಯಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತು. ಮರಳಿನಿಂದ ಪ್ಯಾಟರ್ನ್ ಹೊರಗೆ ಎಳೆಯುವಾಗ ಗೋಡೆ ಕುಸಿಯಬಾರದು ಎಂದು ಪ್ರತಿ ನೆಟ್ಟನೆಯ ಮೈಗೂ ಡ್ರಾಫ್ಟ್ ಎಂಬ ತುಸು ಇಳಿಜಾರು ಕೊಡಬೇಕು. ಆ ಇಳಿಜಾರು ಎಂದರೆ ಬೇಡದ ಲೋಹ, ಬೇಡದ ತೂಕ. ಪ್ರಿಂಟ್ ಮಾಡಿದ ಅಚ್ಚಿನಿಂದ ಯಾವುದನ್ನೂ ಹೊರಗೆ ಎಳೆಯುವ ಪ್ರಮೇಯವೇ ಇಲ್ಲ. ಗೋಡೆ ನೆಟ್ಟಗೆ ನಿಲ್ಲಬಹುದು, ಒಳಕ್ಕೆ ಬಾಗಬಹುದು. ರಾಯಿಟರ್ಸ್ ವರದಿಯಂತೆ, ಮರಳಿನ ಅಚ್ಚಿನಲ್ಲಿ ವಿನ್ಯಾಸ ಪರೀಕ್ಷಿಸಿ ಮುಗಿಸಲು ಎರಡು ಮೂರು ತಿಂಗಳು ಸಾಕು. ಲೋಹದ ಡೈನಲ್ಲಿ ಅದೇ ಕೆಲಸಕ್ಕೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಹಲವು ಸಲ ತಿದ್ದಿದರೂ ಖರ್ಚು ಲೋಹದ ಮಾದರಿಯ ಶೇ. 3ರಷ್ಟು ಮಾತ್ರ.

ಹಾಗಿದ್ದರೆ ಅಚ್ಚಿನ ಗೊಡವೆಯೇ ಬೇಡ, ಲೋಹವನ್ನೇ ನೇರವಾಗಿ ಪ್ರಿಂಟ್ ಮಾಡಬಾರದೇಕೆ? ಪೋರ್ಷೆ ಕಂಪನಿ 2020ರ ಡಿಸೆಂಬರ್‌ನಲ್ಲಿ ಅದನ್ನೇ ಮಾಡಿ ತೋರಿಸಿತು. ವಿದ್ಯುತ್ ಮೋಟಾರ್ ಮತ್ತು ಗೇರ್‌ಬಾಕ್ಸ್ ಎರಡನ್ನೂ ಹಿಡಿದಿಡುವ ಒಂದು ಹೌಸಿಂಗನ್ನು ಅಲ್ಯೂಮಿನಿಯಂ ಪುಡಿಯಿಂದ, ಲೇಸರ್‌ನಲ್ಲಿ ಕರಗಿಸುತ್ತ ಕಟ್ಟಿದರು. ಮಾಮೂಲಿ ಎರಕದ ಹೌಸಿಂಗ್‌ಗಿಂತ ತೂಕ ಸುಮಾರು ಶೇ. 40 ಕಡಿಮೆಯಾಯಿತು. ಹೆಚ್ಚು ಒತ್ತಡ ಬೀಳುವ ಕಡೆಗಳಲ್ಲಿ ಬಿಗುವು ಇಮ್ಮಡಿಯಾಯಿತು. ಗೋಡೆಯೊಳಗೆ ಜೇನುಗೂಡಿನ ಆಕಾರ ಬಂತು, ಶಾಖ ತೆಗೆಯುವ ದಾರಿಗಳೂ ಒಳಗೇ ಸೇರಿದವು. ಓದಿದಾಗ ಮೈ ಜುಮ್ಮೆನ್ನುವ ಸಾಧನೆ ಅದು. ಆದರೆ 12 ಲೇಸರ್‌ಗಳ ಯಂತ್ರದಲ್ಲೂ ಒಂದು ಹೌಸಿಂಗ್ ಕಟ್ಟಲು ಸುಮಾರು 21 ಗಂಟೆ ಬೇಕಾಯಿತು. ಅಷ್ಟು ಹೊತ್ತಿನಲ್ಲಿ ಗಿಗಾ ಪ್ರೆಸ್ 800ಕ್ಕೂ ಹೆಚ್ಚು ಎರಕ ತೆಗೆಯುತ್ತದೆ. ಎರಡೂ ಒಂದೇ ಭಾಗವಲ್ಲ, ಎರಡಕ್ಕೂ ಬೇಕಾದ ನಯ, ನಿಖರತೆ ಬೇರೆ ಎಂಬುದು ನಿಜ. ಆದರೂ ಇಷ್ಟು ದೊಡ್ಡ ಅಂತರವನ್ನು ಲೇಸರ್‌ಗಳ ಸಂಖ್ಯೆ ಹೆಚ್ಚಿಸಿ ಮುಚ್ಚಲಾಗದು. ರೇಸ್ ಕಾರಿಗೆ, ಕೆಲವೇ ನೂರು ಸಂಖ್ಯೆಯ ದುಬಾರಿ ಕಾರಿಗೆ ಇದು ಸರಿ. ಊರಿನ ಬೀದಿಯಲ್ಲಿ ಓಡುವ ಕಾರಿಗೆ, ಬಸ್ಸಿಗೆ ಅಲ್ಲ.

ಈಗ ಮೋಟಾರ್ ಹೌಸಿಂಗ್ ಎಂಬ ಒಂದೇ ಒಂದು ಭಾಗವನ್ನು ಹತ್ತಿರದಿಂದ ನೋಡೋಣ. ಎರಡು ಕಸುಬುಗಳೂ ಒಂದರ ಒಳಗೊಂದು ಕೂರುವುದು ಇಲ್ಲೇ.

ವಿದ್ಯುತ್ ಮೋಟಾರ್ ಜೋರಾಗಿ ದುಡಿಯುವಾಗ ಸ್ಟೇಟರ್ ಎಂಬ ತಿರುಗದ ಭಾಗದಲ್ಲಿರುವ ತಾಮ್ರದ ಸುತ್ತುಗಳು ಕಾಯುತ್ತವೆ. ಬಿಸಿ ಮಿತಿ ಮೀರಿದರೆ ಸುತ್ತುಗಳ ಇನ್ಸುಲೇಷನ್ ಹಾಳಾಗುತ್ತದೆ, ತಿರುಗುವ ರೋಟರ್‌ನ ಅಯಸ್ಕಾಂತಗಳು ಶಕ್ತಿ ಕಳೆದುಕೊಳ್ಳುತ್ತವೆ. ಆದ್ದರಿಂದ ಕಾರು, ಬಸ್ಸುಗಳ ಎಷ್ಟೋ ಮೋಟಾರ್‌ಗಳ ಹೌಸಿಂಗ್ ಗೋಡೆಯೊಳಗೆ ನೀರು ಮತ್ತು ಗ್ಲೈಕಾಲ್ ಬೆರೆತ ಕೂಲಂಟ್ ಸುತ್ತುತ್ತಿರುತ್ತದೆ. ಇದನ್ನು ವಾಟರ್ ಜಾಕೆಟ್ ಎನ್ನುತ್ತಾರೆ. ಹಳೆಯ ರೂಢಿಯಲ್ಲಿ ಈ ಜಾಕೆಟ್ ಎರಡು ತುಂಡು. ಒಳಗಿನ ತೋಳಿನ ಮೈಮೇಲೆ ಸುರುಳಿ ಕಾಲುವೆ ಕೊರೆದು, ಅದರ ಮೇಲೆ ಹೊರಗಿನ ಹೌಸಿಂಗ್ ತೊಡಿಸಿ, ಎರಡು ತುದಿಗಳಿಗೆ ರಬ್ಬರಿನ ಓ-ರಿಂಗ್ ಕೂರಿಸುವುದು. ಕೆಲಸ ನಡೆಯುತ್ತದೆ. ಆದರೆ ಎರಡು ಮೈಗಳನ್ನು ನಿಖರವಾಗಿ ಕಡೆಯಬೇಕು, ಗೋಡೆ ದಪ್ಪವಾಗುತ್ತದೆ, ವರ್ಷಗಳು ಕಳೆದಂತೆ ರಬ್ಬರು ಗಡುಸಾಗುತ್ತದೆ. ಕೂಲಂಟ್ ಸೋರಿ ಸುತ್ತುಗಳಿಗೆ ತಗುಲಿದರೆ ಮೋಟಾರ್ ಅಲ್ಲಿಗೆ ಮುಗಿಯಿತು.

ಒಂದೇ ತುಂಡಾಗಿ ಎರೆದರೆ ಈ ಸೀಲ್‌ಗಳೇ ಬೇಡ. ಹಾಗೆ ಎರೆಯಬೇಕಾದರೆ ಲೋಹ ಹೊಯ್ಯುವಾಗ ನೀರಿನ ದಾರಿಯ ಜಾಗದಲ್ಲಿ ಮರಳಿನ ಕೋರ್ ಇರಬೇಕು. ಲೋಹ ಗಟ್ಟಿಯಾದ ಮೇಲೆ ಅದು ಪುಡಿಯಾಗಿ ಹೊರಗೆ ಬರಬೇಕು. ಐದಾರು ಮಿಲಿಮೀಟರ್ ದಪ್ಪದ, ಮೋಟಾರ್ ಸುತ್ತ ಹಲವು ಸುತ್ತು ಬರುವ ಮರಳಿನ ಸುರುಳಿಯನ್ನು ಕೋರ್ ಬಾಕ್ಸ್‌ನಲ್ಲಿ ಮಾಡುವುದು ಹೇಗೆ? ತುಂಡು ತುಂಡಾಗಿ ಮಾಡಿ ಅಂಟಿಸಬೇಕು. ಅಂಟಿಸಿದ ಕಡೆ ಲೋಹ ನುಗ್ಗಿ ಅಂಚು ಮೂಡುತ್ತದೆ, ಸಾಲು ತಪ್ಪುತ್ತದೆ, ಎಲ್ಲೋ ಒಂದು ಕಡೆ ಗೋಡೆ ತೆಳುವಾಗುತ್ತದೆ. ಪ್ರಿಂಟರ್ ಈ ಸುರುಳಿಯನ್ನು ಇಡಿಯಾಗಿ ಕೊಡುತ್ತದೆ. ಕಾಲುವೆಯ ಅಗಲವನ್ನು ಬಿಸಿ ಹೆಚ್ಚಿರುವಲ್ಲಿ ಹೆಚ್ಚಿಸಬಹುದು, ನೀರಿನ ಹರಿವು ಕಲಕುವಂತೆ ಒಳಗೆ ಚಿಕ್ಕ ಉಬ್ಬುಗಳನ್ನು ಇಡಬಹುದು. ಕೋರ್ ಬಾಕ್ಸ್ ಮಾಡುವ ಎಂಥ ಕುಶಲಕರ್ಮಿಯೂ ಕೊಡಲಾಗದ ಆಕಾರ ಇದು.

ಕಷ್ಟಗಳೂ ಇಲ್ಲಿಂದಲೇ ಶುರು. ಸುಮಾರು 700 ಡಿಗ್ರಿ ಸೆಲ್ಸಿಯಸ್‌ನ ಅಲ್ಯೂಮಿನಿಯಂ ಸುತ್ತುವರಿದ ಕೂಡಲೇ ಕೋರ್‌ನಲ್ಲಿರುವ ರಾಳ ಸುಡುತ್ತದೆ, ಅನಿಲ ಏಳುತ್ತದೆ. ದಪ್ಪ ಕೋರ್ ಆಗಿದ್ದರೆ ಅನಿಲ ನಡುವಿನಿಂದ ಹೊರಗೆ ಹೋಗುತ್ತದೆ. ಉದ್ದದ ತೆಳು ಸುರುಳಿಯಲ್ಲಿ ಅದಕ್ಕೆ ದಾರಿ ಎರಡೇ, ಎರಡು ತುದಿಗಳು. ಅಲ್ಲಿಯವರೆಗೆ ತಲುಪಲಾಗದ ಅನಿಲ ಲೋಹದೊಳಕ್ಕೆ ನುಗ್ಗಿ ಬ್ಲೋ ಹೋಲ್ ಎಂಬ ತೂತು ಆಗುತ್ತದೆ. ನೀರಿನ ಗೋಡೆಯಲ್ಲಿ ಬ್ಲೋ ಹೋಲ್ ಎಂದರೆ ಸೋರುವ ಹೌಸಿಂಗ್. ಅದಕ್ಕಾಗಿ ರಾಳದ ಪ್ರಮಾಣವನ್ನು ಕೋರ್ ಮುರಿಯದಷ್ಟು ಮಾತ್ರ ಇಟ್ಟುಕೊಳ್ಳುತ್ತಾರೆ, ಸುರುಳಿಗೆ ಅಲ್ಲಲ್ಲಿ ಹೊರಗಿನ ಆಸರೆಯ ಕಾಲುಗಳನ್ನು ಕೊಟ್ಟು ಅವುಗಳ ಮೂಲಕವೇ ಅನಿಲಕ್ಕೆ ದಾರಿ ಮಾಡುತ್ತಾರೆ. ಆ ಕಾಲುಗಳು ಬಿಟ್ಟ ತೂತುಗಳಿಗೆ ಆಮೇಲೆ ಬೂಚು ಹಾಕಬೇಕು. ಕೆಲವರು ರಾಳದ ಬದಲು ಇನ್‌ಆರ್ಗ್ಯಾನಿಕ್ ಬೈಂಡರ್‌ಗೆ ಹೋಗಿದ್ದಾರೆ. ಅದರಲ್ಲಿ ಹೊಗೆಯಿಲ್ಲ, ವಾಸನೆಯಿಲ್ಲ. ಬಿಎಂಡಬ್ಲ್ಯು ತನ್ನ ಲಾಂಡ್ಸ್‌ಹೂಟ್ ಫೌಂಡ್ರಿಯಲ್ಲಿ ಪೆಟ್ರೋಲ್ ಎಂಜಿನ್‌ಗಳ ಸಿಲಿಂಡರ್ ಹೆಡ್‌ಗಾಗಿ ಇಂಥ ಕೋರ್‌ಗಳನ್ನು ದಿನನಿತ್ಯದ ಉತ್ಪಾದನೆಯಲ್ಲೇ ಪ್ರಿಂಟ್ ಮಾಡುತ್ತದೆ. ಎಂಜಿನ್‌ಗೆಂದು ಕಲಿತ ವಿದ್ಯೆ ಅದು. ಮೋಟಾರ್ ಹೌಸಿಂಗ್‌ಗೆ ಬೇಕಾದದ್ದೂ ಅದೇ ವಿದ್ಯೆ.

ಎರಕ ತಣ್ಣಗಾದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ, ಸುರುಳಿಯೊಳಗಿನ ಮರಳನ್ನು ತೆಗೆಯುವುದು. ಅಲುಗಾಡಿಸಿ, ಬಡಿದು, ಗಾಳಿ ಊದಿ, ನೀರು ಹಾಯಿಸಿ ತೆಗೆಯುತ್ತಾರೆ. ಒಂದು ಚಿಟಿಕೆ ಮರಳು ಉಳಿದರೂ ಅದು ಕೂಲಂಟ್ ಜೊತೆ ಹೊರಟು ಪಂಪ್ ಸೇರುತ್ತದೆ, ಅಲ್ಲಿಂದ ಇನ್ವರ್ಟರ್‌ನ ತಂಪಿನ ತಟ್ಟೆಯ ಸಣ್ಣ ಸಂದುಗಳಲ್ಲಿ ಕೂರುತ್ತದೆ. ಕಣ್ಣಿಗೆ ಕಾಣದ ಕಾಲುವೆ ಖಾಲಿಯಾಯಿತು ಎಂದು ತಿಳಿಯಲು ಎಂಡೋಸ್ಕೋಪ್ ಇಳಿಸಬೇಕು, ಇಲ್ಲವೇ ಆಸ್ಪತ್ರೆಯಲ್ಲಿ ಮಾಡುವಂಥ ಸಿಟಿ ಸ್ಕ್ಯಾನ್ ಮಾಡಬೇಕು. ಪ್ರಿಂಟರ್ ಕೊಂಡವರು ಈ ಸ್ಕ್ಯಾನಿಂಗ್ ಖರ್ಚನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮುಂದೆ ಗಿರಾಕಿಯ ದೂರುಗಳಲ್ಲಿ ಅದನ್ನು ತೆರಬೇಕಾಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಗಿಗಾ ಪ್ರೆಸ್‌ನಂಥ ಹೈ ಪ್ರೆಶರ್ ಯಂತ್ರದಲ್ಲಿ ಲೋಹ ನುಗ್ಗುವ ರಭಸಕ್ಕೆ ಮರಳಿನ ಕೋರ್ ನಿಲ್ಲುವುದಿಲ್ಲ, ಒಡೆದು ಹೋಗುತ್ತದೆ. ಹಾಗಾಗಿ ಒಳಗೆ ಸುರುಳಿ ದಾರಿಯಿರುವ ಹೌಸಿಂಗ್‌ಗೆ ಲೋ ಪ್ರೆಶರ್ ಅಥವಾ ಗ್ರಾವಿಟಿ ಎರಕವೇ ಒಗ್ಗುತ್ತದೆ. ಹೊರಗೆ ಉಕ್ಕಿನ ಡೈ, ಒಳಗೆ ಪ್ರಿಂಟ್ ಮಾಡಿದ ಮರಳಿನ ಕೋರ್, ಕೆಳಗಿನಿಂದ ಮೆಲ್ಲಗೆ ಮೇಲೇರುವ ಲೋಹ. ಹೊರಮೈ ಬೇಗ ತಣ್ಣಗಾಗಿ ಗಟ್ಟಿಯಾಗುತ್ತದೆ, ಒಳದಾರಿ ಬೇಕಾದ ಆಕಾರದಲ್ಲಿ ಬರುತ್ತದೆ. ಎರಕ ಮತ್ತು ಪ್ರಿಂಟಿಂಗ್ ಸೇರುವ ರೀತಿಗಳಲ್ಲಿ ನನಗೆ ಅತ್ಯಂತ ಭರವಸೆಯದ್ದಾಗಿ ಕಾಣುವುದು ಇದೇ.

ಸಂಖ್ಯೆ ಕಡಿಮೆ ಇದ್ದಾಗ ಡೈಯನ್ನೇ ಬಿಟ್ಟು, ಇಡೀ ಅಚ್ಚನ್ನು ಮರಳಿನಲ್ಲಿ ಮಾಡಿಕೊಳ್ಳಬಹುದು. ಜನರಲ್ ಮೋಟಾರ್ಸ್ ತನ್ನ ಕ್ಯಾಡಿಲಾಕ್ ಸೆಲೆಸ್ಟಿಕ್ ಎಂಬ ವಿದ್ಯುತ್ ಕಾರಿನಲ್ಲಿ ಇದನ್ನೇ ಮಾಡಿದೆ. ಕೈಯಿಂದ ಜೋಡಿಸುವ, ಅತಿ ದುಬಾರಿಯ, ಕಡಿಮೆ ಸಂಖ್ಯೆಯ ಕಾರು ಅದು. ಅದರ ತಳಭಾಗ ಮರಳಿನ ಅಚ್ಚಿನಲ್ಲಿ ಎರೆದ ಆರು ದೊಡ್ಡ ಅಲ್ಯೂಮಿನಿಯಂ ತುಂಡುಗಳಿಂದ ಆಗಿದೆ. ಒಂದೊಂದು ತುಂಡೂ 30ರಿಂದ 40 ಬಿಡಿಭಾಗಗಳ ಜಾಗ ತುಂಬುತ್ತದೆ. ಅದೇ ಕಾರಿನಲ್ಲಿ ನೂರಕ್ಕೂ ಹೆಚ್ಚು ಪ್ರಿಂಟ್ ಮಾಡಿದ ಭಾಗಗಳೂ ಇವೆ. ಸೀಟ್ ಬೆಲ್ಟಿನ ಕೊಂಡಿ, ಸ್ಟೀರಿಂಗ್ ಚಕ್ರದ ನಡುವಿನ ಅಲಂಕಾರದ ತುಂಡು ಲೋಹದಲ್ಲೇ ಪ್ರಿಂಟ್ ಆದವು. ಚಿಕ್ಕದನ್ನು ನೇರ ಪ್ರಿಂಟ್ ಮಾಡು, ದೊಡ್ಡದಕ್ಕೆ ಅಚ್ಚು ಪ್ರಿಂಟ್ ಮಾಡಿ ಎರೆ ಎಂಬ ವಿಂಗಡಣೆ ಇದು. ಲೆಕ್ಕ ಹಾಕಿದರೆ ಕಾರಣ ಸ್ಪಷ್ಟ. 40 ಲಕ್ಷ ಡಾಲರ್‌ನ ಡೈಯನ್ನು 1 ಲಕ್ಷ ಕಾರುಗಳಿಗೆ ಹಂಚಿದರೆ ಕಾರಿಗೆ 40 ಡಾಲರ್. 500 ಕಾರುಗಳಿಗೆ ಹಂಚಿದರೆ ಕಾರಿಗೆ 8,000 ಡಾಲರ್, ಅದೂ ಒಂದೇ ಒಂದು ಎರಕಕ್ಕೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಮರಳಿನ ಅಚ್ಚಿನಲ್ಲಿ ಲೋಹ ನಿಧಾನವಾಗಿ ತಣ್ಣಗಾಗುತ್ತದೆ, ಉಕ್ಕಿನ ಡೈನಲ್ಲಿ ಬೇಗ. ಬೇಗ ತಣ್ಣಗಾದ ಅಲ್ಯೂಮಿನಿಯಂ ಒಳಗಿನ ಹರಳುಗಳು ಚಿಕ್ಕದಾಗಿ, ಒತ್ತಾಗಿ ಕೂರುತ್ತವೆ; ನಿಧಾನವಾದರೆ ದಪ್ಪಗೆ ಬೆಳೆಯುತ್ತವೆ. ಆಕಾರ ಒಂದೇ, ಮಿಶ್ರಲೋಹ ಒಂದೇ, ಆದರೆ ಗುದ್ದಿದಾಗ ಒಂದು ಬಾಗುತ್ತದೆ, ಇನ್ನೊಂದು ಸೀಳುತ್ತದೆ. ಮರಳಿನಲ್ಲಿ ಎರೆದ ಮಾದರಿಯನ್ನು ಅಪಘಾತದ ಪರೀಕ್ಷೆಗೆ ಒಡ್ಡಿ, ಪಾಸಾಯಿತು ಎಂದು ಡೈಗೆ ಆರ್ಡರ್ ಕೊಡುವುದು ಅಪಾಯ. ಟೆಸ್ಲಾದ ಕೆಲಸದಲ್ಲೂ ಈ ತೊಡಕು ಬಂತು. ಮಿಶ್ರಲೋಹವನ್ನು ಬದಲಿಸಿ, ತಣಿಸುವ ವೇಗವನ್ನು ತಿದ್ದಿ, ಎರಕದ ನಂತರ ಹೀಟ್ ಟ್ರೀಟ್‌ಮೆಂಟ್ ಕೊಟ್ಟು ಅದನ್ನು ದಾಟಿದರು ಎಂದು ರಾಯಿಟರ್ಸ್ ಬರೆದಿತ್ತು. ಇಷ್ಟೆಲ್ಲ ಮಾಡಿದ ಟೆಸ್ಲಾ ಕೂಡ ಇಡೀ ತಳವನ್ನು ಒಂದೇ ತುಂಡಾಗಿ ಎರೆಯುವ ಯೋಜನೆಯಿಂದ 2024ರಲ್ಲಿ ಹಿಂದೆ ಸರಿಯಿತು. ಮುಂದೆ, ಹಿಂದೆ ಎರಕ, ನಡುವೆ ಜೋಡಿಸಿದ ಚೌಕಟ್ಟು ಎಂಬ ಹಳೆಯ ಕ್ರಮಕ್ಕೇ ನಿಂತಿತು. ಅದನ್ನು ಸೋಲು ಎಂದು ನಾನು ಎಣಿಸುವುದಿಲ್ಲ. ಎಷ್ಟು ದೊಡ್ಡದನ್ನು ಒಂದಾಗಿ ಎರೆಯಬೇಕು ಎಂಬುದನ್ನು ಹಣ, ಸಮಯ, ರಿಪೇರಿ ಎಲ್ಲವೂ ಸೇರಿ ನಿರ್ಧರಿಸುತ್ತವೆ. ಹಿಂಬದಿಯಿಂದ ಗುದ್ದಿಸಿಕೊಂಡ ಕಾರಿನ ದೈತ್ಯ ಎರಕ ಬಿರುಕು ಬಿಟ್ಟರೆ ಗ್ಯಾರೇಜಿನವನು ಬೆಸೆದು ಕೊಡಲಾರ. ನಮ್ಮಂಥ ದೇಶಕ್ಕೆ ಅದು ಸಣ್ಣ ಮಾತಲ್ಲ.

ಇನ್ನು ಡೈ ಒಳಗಿನ ಪ್ರಿಂಟಿಂಗ್. ಡೈಯಲ್ಲಿ ಬಿಸಿ ಹೆಚ್ಚು ನಿಲ್ಲುವ ಕಡೆಗಳಿಗೆ ತಂಪು ನೀರಿನ ತೂತು ಕೊರೆಯುತ್ತಾರೆ. ಡ್ರಿಲ್ ನೆಟ್ಟಗೆ ಮಾತ್ರ ಹೋಗುತ್ತದೆ. ಡೈನ ಮೈ ಬಾಗಿದಲ್ಲಿ ನೀರು ದೂರವೇ ಉಳಿಯುತ್ತದೆ. ಆ ಜಾಗದಲ್ಲಿ ಕೂರಿಸುವ ಇನ್ಸರ್ಟ್ ಎಂಬ ತುಂಡನ್ನು ಮಾತ್ರ ಟೂಲ್ ಸ್ಟೀಲ್ ಪುಡಿಯಿಂದ ಪ್ರಿಂಟ್ ಮಾಡಿದರೆ, ನೀರಿನ ದಾರಿ ಮೈಯ ಬಾಗನ್ನೇ ಹಿಂಬಾಲಿಸಿ ಹೋಗುತ್ತದೆ. ತಣಿಯುವ ಹೊತ್ತು ಇಳಿಯುತ್ತದೆ, ಅಲ್ಯೂಮಿನಿಯಂ ಡೈಗೆ ಅಂಟುವುದು ತಗ್ಗುತ್ತದೆ. ಡೈ ಕಾಸ್ಟಿಂಗ್ ಮಾಡುವವರು ಇದಕ್ಕೆ ಈಗಾಗಲೇ ಒಗ್ಗಿಕೊಂಡಿದ್ದಾರೆ.

ಇದೆಲ್ಲ ನಮ್ಮ ರಾಜ್ಯಕ್ಕೆ ಏಕೆ ಸಂಬಂಧ ಪಡುತ್ತದೆ ಎಂದರೆ, ನಮ್ಮಲ್ಲಿ ಬೆಳಗಾವಿ ಇದೆ. ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿಗಳು ಕಬ್ಬಿಣದ ಎರಕದಲ್ಲಿ ದೇಶದಲ್ಲೇ ಹೆಸರಾದವು. ವಾಹನ, ಟ್ರಾಕ್ಟರ್, ಪಂಪ್, ವಾಲ್ವ್, ಹೈಡ್ರಾಲಿಕ್ ಯಂತ್ರಗಳ ಎರಕಗಳು ಅಲ್ಲಿಂದ ಹೋಗುತ್ತವೆ. ಜಗತ್ತಿನಲ್ಲಿ ಚೀನಾ ಬಿಟ್ಟರೆ ಅತಿ ಹೆಚ್ಚು ಎರಕ ತೆಗೆಯುವ ದೇಶ ನಮ್ಮದು. ವಿದ್ಯುತ್ ವಾಹನ ಬಂದಂತೆ ಎಂಜಿನ್ ಬ್ಲಾಕ್, ಸಿಲಿಂಡರ್ ಹೆಡ್, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳ ಬೇಡಿಕೆ ಕರಗುತ್ತದೆ. ಬ್ರೇಕ್, ಹಬ್, ಸಸ್ಪೆನ್ಷನ್‌ನ ಎರಕಗಳು ಉಳಿಯುತ್ತವೆ. ಹೋದದ್ದರ ಜಾಗ ತುಂಬಬೇಕಾದರೆ ಮೋಟಾರ್ ಹೌಸಿಂಗ್, ಗೇರ್ ಕೇಸ್, ಇನ್ವರ್ಟರ್ ಪೆಟ್ಟಿಗೆಗಳಂಥ ಅಲ್ಯೂಮಿನಿಯಂ ಭಾಗಗಳ ಕಡೆ ತಿರುಗಬೇಕು. ಕಬ್ಬಿಣದಿಂದ ಅಲ್ಯೂಮಿನಿಯಂಗೆ ಹೋಗುವುದು ಕುಲುಮೆ ಬದಲಿಸಿದಷ್ಟು ಸುಲಭವಲ್ಲ. ಕರಗಿದ ಅಲ್ಯೂಮಿನಿಯಂ ಗಾಳಿಯ ತೇವದಿಂದ ಹೈಡ್ರೋಜನ್ ಕುಡಿಯುತ್ತದೆ, ಅದನ್ನು ಹೊರಹಾಕುವ ಡೀಗ್ಯಾಸಿಂಗ್ ಮಾಡದಿದ್ದರೆ ಎರಕದೊಳಗೆ ಸೂಜಿಮೊನೆಯಂಥ ತೂತುಗಳೇಳುತ್ತವೆ. ಮೇಲ್ಮೈಯಲ್ಲಿ ಆಕ್ಸೈಡ್ ಕೆನೆ ಕಟ್ಟುತ್ತದೆ. ಅದೊಂದು ಬೇರೆಯೇ ಕಸುಬು, ಕಲಿಯಬೇಕು.

ಆದರೆ ಮರಳಿನ ಜ್ಞಾನ ಹಾಗೇ ಕೈಗೆ ಬರುತ್ತದೆ. ರೈಸರ್ ಎಲ್ಲಿಟ್ಟರೆ ಲೋಹ ಕುಗ್ಗಿದಾಗ ಉಣಿಸುತ್ತದೆ, ಕೋರ್ ಎಲ್ಲಿ ತೇಲುತ್ತದೆ, ಗಾಳಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಅಚ್ಚು ನೋಡಿಯೇ ಹೇಳಬಲ್ಲ ಪ್ಯಾಟರ್ನ್ ಮೇಸ್ತ್ರಿಗಳು ನಮ್ಮಲ್ಲಿದ್ದಾರೆ. ಕಬ್ಬಿಣಕ್ಕೆ ಎಷ್ಟು, ಅಲ್ಯೂಮಿನಿಯಂಗೆ ಎಷ್ಟು ಕುಗ್ಗುವಿಕೆ ಬಿಡಬೇಕು ಎಂದು ಅವರ ಕೈಗೇ ಗೊತ್ತು. ಪ್ರಿಂಟರ್‌ಗೆ ಇದ್ಯಾವುದೂ ಗೊತ್ತಿಲ್ಲ. ಫೈಲಿನಲ್ಲಿ ಇದ್ದದ್ದನ್ನು ಮರಳಿನಲ್ಲಿ ಇಳಿಸುತ್ತದೆ, ತಪ್ಪಿದ್ದರೆ ತಪ್ಪನ್ನೂ ಇಳಿಸುತ್ತದೆ. ಆ ಮೇಸ್ತ್ರಿಯನ್ನು ಕಂಪ್ಯೂಟರಿನ ಮುಂದೆ, ಹುಡುಗ ಎಂಜಿನಿಯರ್‌ನ ಪಕ್ಕದಲ್ಲಿ ಕೂರಿಸುವುದು ಯಂತ್ರ ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸ. ಎರಕದ ಸಿಮ್ಯುಲೇಷನ್‌ನಲ್ಲಿ ನಮ್ಮ ದೇಶದಲ್ಲೇ ದಶಕಗಳ ಕೆಲಸ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌.ಡಿ ಮಾಡಿ, ಐಐಟಿ ಬಾಂಬೆಯಲ್ಲಿ ಆಟೋಕ್ಯಾಸ್ಟ್ ಎಂಬ ತಂತ್ರಾಂಶ ರೂಪಿಸಿದ ಪ್ರೊ. ಬಿ. ರವಿ 2023ರಲ್ಲಿ ಸುರತ್ಕಲ್‌ನ ಎನ್‌ಐಟಿಕೆ ನಿರ್ದೇಶಕರಾಗಿ ಬಂದರು. ಲೋಹದ ಪ್ರಿಂಟರ್ ತಯಾರಿಸುವ ಇನ್‌ಟೆಕ್ ಅಡಿಟಿವ್, ಪ್ರಿಂಟಿಂಗ್ ಸೇವೆ ಕೊಡುವ ವಿಪ್ರೋ ತ್ರೀಡಿ ಬೆಂಗಳೂರಿನಲ್ಲೇ ಇವೆ. ಬಿಡಿ ಬಿಡಿಯಾಗಿ ಎಲ್ಲವೂ ರಾಜ್ಯದೊಳಗೆ ಇದೆ.

ಮರಳಿನ ಪ್ರಿಂಟರ್ ಒಂದೊಂದು ಫೌಂಡ್ರಿಯೂ ಕೊಳ್ಳುವ ಯಂತ್ರವಲ್ಲ. ಕೊಂಡರೂ ವರ್ಷವಿಡೀ ಅದಕ್ಕೆ ಕೆಲಸ ಕೊಡಲಾಗದು. ಬೆಳಗಾವಿಯವರಿಗೆ ಇದಕ್ಕೊಂದು ದಾರಿ ಗೊತ್ತಿದೆ. ಬಳಸಿದ ಮರಳನ್ನು ಶುದ್ಧ ಮಾಡಿ ಮತ್ತೆ ಬಳಸುವುದಕ್ಕಾಗಿ ಅಲ್ಲಿನ ಫೌಂಡ್ರಿಗಳು ಕ್ಲಸ್ಟರ್ ಕಟ್ಟಿಕೊಂಡು ಎಲ್ಲರಿಗೂ ಸೇರಿದ ಘಟಕವೊಂದನ್ನು ಮಾಡಿಕೊಂಡಿವೆ. ಪ್ರಿಂಟರ್ ಕೂಡ ಹಾಗೇ ಬರಬೇಕು. ಫೈಲ್ ತಂದವರಿಗೆ ಜಾಬ್ ವರ್ಕ್ ಲೆಕ್ಕದಲ್ಲಿ ಕೋರ್ ಕೊಡಬೇಕು. ವಿದ್ಯುತ್ ವಾಹನ ನೀತಿಯನ್ನು 2017ರಲ್ಲೇ, ದೇಶದಲ್ಲಿ ಎಲ್ಲರಿಗಿಂತ ಮೊದಲು ತಂದ ರಾಜ್ಯ ನಮ್ಮದು. ವಿದ್ಯುತ್ ವಾಹನಗಳಿಗೆಂದು ಸರ್ಕಾರ ಕೊಡುವ ಹಣ ಬ್ಯಾಟರಿ, ಚಾರ್ಜಿಂಗ್ ಕೇಂದ್ರಗಳಿಗೆ ಹೋಗಲಿ. ಅದರ ಒಂದು ಪಾಲು ಇಂಥ ಘಟಕಕ್ಕೂ ಬರಲಿ ಎಂದು ಕೇಳುವ ಹಕ್ಕು ಫೌಂಡ್ರಿಯವರಿಗಿದೆ. ಕೇಳುವಾಗ ಪ್ರಿಂಟರ್ ಒಂದನ್ನೇ ಕೇಳಬಾರದು. ಅದೇ ಚಾವಣಿಯ ಕೆಳಗೆ ಸಿಟಿ ಸ್ಕ್ಯಾನ್ ಯಂತ್ರ, ಎಳೆದು ಮುರಿದು ನೋಡುವ ಪರೀಕ್ಷಾ ಯಂತ್ರ, ಸಿಮ್ಯುಲೇಷನ್ ಬಲ್ಲ ಇಬ್ಬರು ಎಂಜಿನಿಯರ್‌ಗಳನ್ನೂ ಕೇಳಬೇಕು. ಮೋಟಾರ್ ಕಂಪನಿಯವರು ಮಾದರಿ ಹೌಸಿಂಗ್ ಕೈಗೆ ತೆಗೆದುಕೊಂಡಾಗ ಮೊದಲು ಕೇಳುವುದೇ ನೀರಿನ ದಾರಿಯ ಸ್ಕ್ಯಾನ್ ರಿಪೋರ್ಟ್. ಹೌಸಿಂಗನ್ನು ಬೇರೆ ಊರಿಗೆ ಕಳಿಸಿ, ಸ್ಕ್ಯಾನ್ ಮಾಡಿಸಿ ತರಿಸಿಕೊಳ್ಳುವಷ್ಟರಲ್ಲಿ ಆರ್ಡರ್ ಇನ್ನೊಬ್ಬರ ಪಾಲಾಗಿರುತ್ತದೆ.